ಹಿತ್ತಲ ಕೋಯ್ ಕೊಳಕ್ಕೆ ಮನೆಯಲ್ಲೇ ಶೋಧಕ ಕಟ್ಟುವುದು: ಸಮಗ್ರ ಮಾರ್ಗದರ್ಶಿ

ಕೊಳದ ನೀರು ತಳದಲ್ಲಿ ಬಿದ್ದ ನಾಣ್ಯ ಕಾಣುವಷ್ಟು ತಿಳಿಯಾಗಿತ್ತು. ಆದರೂ ಆರು ಕೋಯ್ ಮೀನುಗಳ ಪೈಕಿ ನಾಲ್ಕು ನೀರಿನ ಮೇಲ್ಮೈಗೆ ಬಂದು ಬಾಯಿ ಬಡಿಯುತ್ತಿದ್ದವು. ಪರೀಕ್ಷಾ ಕಿಟ್‌ನ ಗಾಜಿನ ಕೊಳವೆಯಲ್ಲಿ ನೀರು ಕಡುಹಸಿರಿಗೆ ತಿರುಗಿತು. ಲೀಟರಿಗೆ 2 ಮಿಲಿಗ್ರಾಂ ಅಮೋನಿಯ. ಕಾರಣ ಹುಡುಕಲು ಹೆಚ್ಚು ಹೊತ್ತು ಬೇಕಾಗಲಿಲ್ಲ. ಒಂದು ವಾರದ ಹಿಂದೆ ನಾನೇ ಶೋಧಕದ ಸ್ಪಂಜುಗಳನ್ನೆಲ್ಲ ನಲ್ಲಿಯ ಕೆಳಗೆ ಹಿಡಿದು, ಹೊಸದರಂತೆ ಕಾಣುವವರೆಗೆ ಹಿಂಡಿ ತೊಳೆದಿದ್ದೆ. ಸ್ಪಂಜಿಗೆ ಅಂಟಿದ್ದ ಕಂದು ಲೋಳೆಯನ್ನು ಕೊಳೆ ಎಂದು ಭಾವಿಸಿದ್ದೆ. ಮೀನುಗಳನ್ನು ಬದುಕಿಸುತ್ತಿದ್ದುದು ಆ ಲೋಳೆಯೇ ಆಗಿತ್ತು.

ಕೊಳದ ಶೋಧಕ ಮಾಡಬೇಕಾದ ಕೆಲಸ ಎರಡು, ಮತ್ತು ಅವು ಒಂದಕ್ಕೊಂದು ಹೊಂದುವಂಥವಲ್ಲ. ಒಂದು, ಮೀನಿನ ಹಿಕ್ಕೆ, ಉಳಿದ ಆಹಾರ, ಉದುರಿದ ಎಲೆ ಮುಂತಾದ ಗಸಿಯನ್ನು ಕೊಳೆಯುವ ಮುನ್ನವೇ ನೀರಿನಿಂದ ಹೊರಹಾಕುವುದು. ಎರಡು, ಮೀನಿನ ಕಿವಿರುಗಳಿಂದ ಹಗಲಿರುಳೂ ನೀರಿಗೆ ಸೇರುವ, ಕಣ್ಣಿಗೆ ಕಾಣದ ಅಮೋನಿಯವನ್ನು ಬ್ಯಾಕ್ಟೀರಿಯಾಗಳ ಮೂಲಕ ಮೊದಲು ನೈಟ್ರೈಟ್ ಆಗಿ, ಬಳಿಕ ಅಷ್ಟೇನೂ ಅಪಾಯವಿಲ್ಲದ ನೈಟ್ರೇಟ್ ಆಗಿ ಮಾರ್ಪಡಿಸುವುದು. ಮೊದಲನೆಯ ಭಾಗವನ್ನು ಪದೇ ಪದೇ ತೊಳೆಯಬೇಕು, ಎರಡನೆಯದನ್ನು ಮುಟ್ಟಲೇಬಾರದು. ಎರಡನ್ನೂ ಒಂದೇ ಡಬ್ಬಿಯಲ್ಲಿ ತುರುಕಿದರೆ ನನಗಾದದ್ದೇ ಆಗುತ್ತದೆ. ಆದ್ದರಿಂದ ಮುಂದೆ ವಿವರಿಸುವ ವ್ಯವಸ್ಥೆಯಲ್ಲಿ ಈ ಎರಡು ಕೆಲಸಗಳಿಗೆ ಬೇರೆ ಬೇರೆ ತೊಟ್ಟಿಗಳಿವೆ.

ಇಲ್ಲಿ ಹೇಳಿರುವ ಅಳತೆಗಳು ಮೈಸೂರಿನ ನಮ್ಮ ಹಿತ್ತಲ ಕೊಳದವು. ಉದ್ದ 3 ಮೀಟರ್, ಅಗಲ 2 ಮೀಟರ್, ನೀರಿನ ಆಳ 1.2 ಮೀಟರ್, ಅಂದರೆ 7.2 ಘನಮೀಟರ್, 7,200 ಲೀಟರ್. ಗೋಡೆ ನೆಲಮಟ್ಟದಿಂದ 50 ಸೆಂ.ಮೀ. ಎದ್ದಿದೆ, ನೀರು ಅದಕ್ಕಿಂತ 10 ಸೆಂ.ಮೀ. ಕೆಳಗೆ ನಿಲ್ಲುತ್ತದೆ. ನಿಮ್ಮ ಕೊಳ ಬೇರೆ ಗಾತ್ರದ್ದಾದರೆ ಅದೇ ಪ್ರಮಾಣದಲ್ಲಿ ಹಿಗ್ಗಿಸಿ ಅಥವಾ ಕುಗ್ಗಿಸಿಕೊಳ್ಳಬಹುದು. ಬೆಳೆದ ಕೋಯ್ ಒಂದಕ್ಕೆ 1,000 ಲೀಟರ್ ಎಂಬ ಸಾಮಾನ್ಯ ಲೆಕ್ಕವನ್ನು ಮಾತ್ರ ಮೀರಬೇಡಿ. ಅಂಗಡಿಯ ಪ್ಲಾಸ್ಟಿಕ್ ಚೀಲದಲ್ಲಿ ಬೆರಳುದ್ದ ಕಾಣುವ ಮರಿ ಎರಡು ಮೂರು ವರ್ಷಗಳಲ್ಲಿ ಮೊಳದುದ್ದ ಬೆಳೆಯುತ್ತದೆ. ಕೋಯ್ ಎಂಬುದು ನಮ್ಮ ಕೆರೆಗಳಲ್ಲಿ ಸಾಕುವ ಸಾಮಾನ್ಯ ಗೆಂಡೆಯ ಹತ್ತಿರದ ಬಂಧು. 19ನೇ ಶತಮಾನದಲ್ಲಿ ಜಪಾನಿನ ನೀಗಾಟ ಸೀಮೆಯ ಬೆಟ್ಟದೂರುಗಳ ರೈತರು ಊಟಕ್ಕೆಂದು ಸಾಕಿದ್ದ ಗೆಂಡೆಗಳಲ್ಲಿ ಬಣ್ಣದವನ್ನು ಆರಿಸಿ ಬೆಳೆಸಿದ ತಳಿ. ಬಣ್ಣ ಬದಲಾದರೂ ಗೆಂಡೆಯ ಸ್ವಭಾವ ಬದಲಾಗಿಲ್ಲ: ಜಠರವಿಲ್ಲದ ಈ ಮೀನು ದಿನವಿಡೀ ಮೇಯುತ್ತದೆ, ದಿನವಿಡೀ ವಿಸರ್ಜಿಸುತ್ತದೆ, ತಳವನ್ನು ಕೆದಕಿ ಬಗ್ಗಡ ಮಾಡುತ್ತದೆ. ಅಂದಕ್ಕೆಂದು ಕೊಳದ ತಳಕ್ಕೆ ಹಾಸಿದ ಬೆಣಚುಕಲ್ಲುಗಳಿದ್ದರೆ ಶೋಧಕದ ಕೆಲಸ ಆರಂಭಿಸುವ ಮೊದಲು ಅವನ್ನು ತೆಗೆದುಹಾಕಿ. ಕಲ್ಲುಗಳ ಸಂದಿಯಲ್ಲಿ ಕೂತ ಗಸಿಯನ್ನು ಯಾವ ಶೋಧಕವೂ ಎಳೆದುಕೊಳ್ಳಲಾರದು.

ಮೊದಲು ಲೆಕ್ಕ, ಆಮೇಲೆ ಡ್ರಮ್ಮು

ಶೋಧಕದ ಗಾತ್ರವನ್ನು ನಿರ್ಧರಿಸುವುದು ಕೊಳದ ಗಾತ್ರಕ್ಕಿಂತ ಹೆಚ್ಚಾಗಿ ನೀವು ದಿನಕ್ಕೆ ಹಾಕುವ ಆಹಾರ. ಅಡುಗೆಮನೆಯ ತಕ್ಕಡಿಯಲ್ಲಿ ಒಂದು ದಿನದ ಆಹಾರವನ್ನು ತೂಗಿ ನೋಡಿ. ನಮ್ಮ ಆರು ಮೀನುಗಳಿಗೆ ಹೆಚ್ಚೆಂದರೆ 60 ಗ್ರಾಂ. ಪೊಟ್ಟಣದ ಮೇಲೆ ಪ್ರೋಟೀನ್ ಶೇ. 35 ಎಂದು ಬರೆದಿದ್ದರೆ, ಒಂದು ಕಿಲೋ ಆಹಾರದಿಂದ ಸುಮಾರು 32 ಗ್ರಾಂ ಅಮೋನಿಯ ಹುಟ್ಟುತ್ತದೆ ಎಂಬುದು ಮೀನು ಸಾಕಣೆಯವರು ಬಳಸುವ ಲೆಕ್ಕ. ಹಾಗಾದರೆ 60 ಗ್ರಾಮಿನಿಂದ ದಿನಕ್ಕೆ 2 ಗ್ರಾಂ. ಇದು 7,200 ಲೀಟರಿನಲ್ಲಿ ಹರಡಿದರೆ ದಿನಕ್ಕೆ ಲೀಟರಿಗೆ 0.28 ಮಿಲಿಗ್ರಾಂ, ಬ್ಯಾಕ್ಟೀರಿಯಾ ಇಲ್ಲದಿದ್ದರೆ ಒಂದು ವಾರಕ್ಕೆ 2 ಮಿಲಿಗ್ರಾಂ. ನನ್ನ ಗಾಜಿನ ಕೊಳವೆ ತೋರಿಸಿದ್ದೂ ಅದನ್ನೇ.

ಈ 2 ಗ್ರಾಂ ಅಮೋನಿಯವನ್ನು ಅರಗಿಸಲು ಎಷ್ಟು ಜಾಗ ಬೇಕು? ಕೆ-1 ಎಂಬ ಹೆಸರಿನಲ್ಲಿ ಮಾರುವ, ಬೆರಳ ತುದಿಯಷ್ಟು ಗಾತ್ರದ ಪ್ಲಾಸ್ಟಿಕ್ ಚಕ್ರಗಳಲ್ಲಿ ಬ್ಯಾಕ್ಟೀರಿಯಾ ನೆಲೆಸುವ ಮೇಲ್ಮೈ ಘನಮೀಟರಿಗೆ ಸುಮಾರು 500 ಚದರ ಮೀಟರ್ ಇರುತ್ತದೆ. 80 ಲೀಟರ್ ಚಕ್ರ ತಂದರೆ 40 ಚದರ ಮೀಟರ್ ಸಿಕ್ಕಿತು. ಒಂದು ಚದರ ಮೀಟರ್ ದಿನಕ್ಕೆ 0.1 ಗ್ರಾಂ ಮಾತ್ರ ಅರಗಿಸುತ್ತದೆ ಎಂದು ಕೈಬಿಗಿಹಿಡಿದು ಲೆಕ್ಕ ಹಾಕಿದರೂ 4 ಗ್ರಾಂ ಆಯಿತು. ನಮಗೆ ಬೇಕಾದುದರ ಎರಡರಷ್ಟು. ಬ್ಯಾಕ್ಟೀರಿಯಾಗಳಿಗೆ ಒಂದು ಡ್ರಮ್ಮು ಸಾಕು ಎಂಬುದು ಇದರಿಂದ ತಿಳಿಯುತ್ತದೆ. ಹಣವನ್ನೂ ಜಾಗವನ್ನೂ ಹೆಚ್ಚು ಕೇಳುವುದು ಗಸಿ ಕೂರಿಸುವ ಕೆಲಸ, ಹೆಚ್ಚಿನವರು ಕೈಹಿಡಿತ ಮಾಡುವುದೂ ಅಲ್ಲಿಯೇ.

ಮೊದಲ ಸಲ ನಾನೂ ಗಸಿಗೆ 200 ಲೀಟರಿನ ನೀಲಿ ಡ್ರಮ್ಮನ್ನೇ ಇಟ್ಟಿದ್ದೆ. ಗಂಟೆಗೆ 5,000 ಲೀಟರ್ ನೀರು ಆ ಸಣ್ಣ ಬಾಯಿಯ ಡ್ರಮ್ಮಿನಲ್ಲಿ ಸೆಕೆಂಡಿಗೆ 5 ಮಿ.ಮೀ. ವೇಗದಲ್ಲಿ ಮೇಲೇರುತ್ತಿತ್ತು, ಹಿಕ್ಕೆ ಕೂರುವ ಬದಲು ನೀರಿನೊಡನೆ ತೇಲಿ ಮುಂದಿನ ಡ್ರಮ್ಮಿಗೆ ಹೋಗುತ್ತಿತ್ತು. ಏರುವ ವೇಗ ಸೆಕೆಂಡಿಗೆ 3 ಮಿ.ಮೀ.ಗಿಂತ ಕಡಿಮೆ ಇದ್ದರೆ ಮಾತ್ರ ಗಸಿ ನೆಮ್ಮದಿಯಾಗಿ ತಳ ಸೇರುತ್ತದೆ. ಮನೆಯ ಮೇಲಿಡುವ 500 ಲೀಟರಿನ ಕಪ್ಪು ನೀರಿನ ಟ್ಯಾಂಕಿನ ಅಡ್ಡಗಲ ಹೆಚ್ಚು, ಆದ್ದರಿಂದ ಅದರಲ್ಲಿ ವೇಗ ಸುಮಾರು 2.3 ಮಿ.ಮೀ.ಗೆ ಇಳಿಯುತ್ತದೆ. ಡ್ರಮ್ಮಿನ ಜಾಗದಲ್ಲಿ ಆ ಟ್ಯಾಂಕ್ ಕೂರಿಸಿದ ಮೇಲೆ ಉಳಿದ ಎಲ್ಲ ತೊಂದರೆಗಳೂ ಅರ್ಧಕ್ಕೆ ಇಳಿದವು.

ಸಾಮಾನುಗಳು

ಗಸಿ ಕೂರಿಸಲು ಮೇಲೆ ಹೇಳಿದ 500 ಲೀಟರ್ ಟ್ಯಾಂಕ್ ಒಂದು, 200 ಲೀಟರಿನ ಡ್ರಮ್ಮು ಎರಡು: ಮೊದಲನೆಯದು ತೇಲುವ ಪುಡಿ ಹಿಡಿಯುವ ಬಲೆಗೆ ಮತ್ತು ಪಂಪಿಗೆ, ಎರಡನೆಯದು ಬ್ಯಾಕ್ಟೀರಿಯಾಗಳಿಗೆ. ಹಳೆಯ ಡ್ರಮ್ಮು ಕೊಳ್ಳುವಾಗ ಅದರಲ್ಲಿ ಮೊದಲು ಏನಿತ್ತು ಎಂಬುದನ್ನು ಕೇಳಿಯೇ ತೆಗೆದುಕೊಳ್ಳಬೇಕು. ಹಣ್ಣಿನ ರಸ ಅಥವಾ ರಫ್ತಿನ ಮಿಡಿಸೌತೆ ತುಂಬಿದ್ದ ಡ್ರಮ್ಮುಗಳು ಒಳ್ಳೆಯವು. ಹುಳಿವಾಸನೆ ನಾಲ್ಕು ದಿನ ಬಿಸಿಲಿಗಿಟ್ಟರೆ ಹೋಗುತ್ತದೆ. ಕೀಟನಾಶಕ, ಬಣ್ಣ ಅಥವಾ ಆಸಿಡ್ ಇದ್ದ ಡ್ರಮ್ಮನ್ನು ಎಷ್ಟು ತೊಳೆದರೂ ನಂಬುವಂತಿಲ್ಲ.

ಪೈಪುಗಳಲ್ಲಿ, ಕೊಳದಿಂದ ಟ್ಯಾಂಕಿಗೆ ಮತ್ತು ಟ್ಯಾಂಕಿನಿಂದ ಮೊದಲ ಡ್ರಮ್ಮಿಗೆ 75 ಮಿ.ಮೀ., ಪಂಪಿನಿಂದ ಮುಂದಕ್ಕೆ 40 ಮಿ.ಮೀ. ಪಿವಿಸಿ ಬೇಕು. ಜತೆಗೆ 75 ಮಿ.ಮೀ. ಬಾಲ್ ವಾಲ್ವ್ ಒಂದು, 50 ಮಿ.ಮೀ. ವಾಲ್ವ್ ಎರಡು, ರಬ್ಬರ್ ವಾಷರ್ ಇರುವ ಟ್ಯಾಂಕ್ ನಿಪ್ಪಲ್‌ಗಳು, ಯೂನಿಯನ್‌ಗಳು ಮತ್ತು ಎಲ್ಬೋಗಳು. ನಮ್ಮ ಪ್ಲಂಬರ್ 75 ಮಿ.ಮೀ. ಪೈಪನ್ನು ನೋಡಿ, "ಇಷ್ಟು ಸಣ್ಣ ಕೊಳಕ್ಕೆ ಟಾಯ್ಲೆಟ್ ಪೈಪ್ ಯಾಕೆ ಸಾರ್, ಒಂದೂಕಾಲು ಇಂಚು ಧಾರಾಳ" ಎಂದಿದ್ದರು. ಪಂಪು ದೂಡುವ ಕಡೆ ಅವರ ಮಾತು ಸರಿ. ಆದರೆ ನೀರು ತಾನಾಗಿ ಹರಿದು ಬರಬೇಕಾದ ಕಡೆ ಮಟ್ಟದ ವ್ಯತ್ಯಾಸ ಮೂರು ನಾಲ್ಕು ಸೆಂ.ಮೀ. ಮಾತ್ರ; ಸಣ್ಣ ಪೈಪಿನಲ್ಲಿ ಅಷ್ಟು ನೀರು ಬರುವುದೇ ಇಲ್ಲ. ಹಾಗೆಂದು ಈ ಹರಿವಿಗೆ 110 ಮಿ.ಮೀ. ಹಾಕುವುದೂ ಸರಿಯಲ್ಲ, ನೀರು ತೀರಾ ನಿಧಾನವಾಗಿ ತೆವಳಿ ಗಸಿ ಪೈಪಿನೊಳಗೇ ಕೂತುಬಿಡುತ್ತದೆ.

ಇನ್ನು ಪಂಪು. ಪೊಟ್ಟಣದ ಮೇಲೆ ಬರೆದ ಲೀಟರ್ ಲೆಕ್ಕವು ನೀರನ್ನು ಸ್ವಲ್ಪವೂ ಮೇಲೆತ್ತದೆ ಇರುವಾಗಿನದು. ನಮ್ಮ ಜೋಡಣೆಯಲ್ಲಿ ಎತ್ತರ ಮತ್ತು ಪೈಪಿನ ಘರ್ಷಣೆ ಸೇರಿ ಸುಮಾರು ಒಂದೂವರೆ ಮೀಟರ್ ಹೊರೆ ಬೀಳುತ್ತದೆ. ಗಂಟೆಗೆ 8,000 ಲೀಟರ್, ಗರಿಷ್ಠ ಎತ್ತರ 4 ಮೀಟರ್ ಎಂದು ನಮೂದಾಗಿರುವ ಪಂಪು ಇಲ್ಲಿ ಕೊಡುವುದು 5,000 ಲೀಟರಿನ ಆಸುಪಾಸು. ಕೊಳದ ನೀರು ಒಂದೂವರೆ ಗಂಟೆಗೊಮ್ಮೆ ಶೋಧಕದ ಮೂಲಕ ಹಾದುಹೋಗಲು ಇದು ಸಾಕು. ಪಂಪು ವರ್ಷದ ಎಲ್ಲ ದಿನವೂ, ಎಲ್ಲ ಹೊತ್ತೂ ಓಡಬೇಕಾದ ಕಾರಣ ಬೆಲೆಗಿಂತ ವಾಟ್ ನೋಡಿ ಕೊಳ್ಳುವುದು ಜಾಣತನ: 70 ವಾಟ್‌ನದು ತಿಂಗಳಿಗೆ ಸುಮಾರು 50 ಯೂನಿಟ್ ತಿನ್ನುತ್ತದೆ. ಹೊಲಕ್ಕೆ ನೀರೆತ್ತುವ ಅರ್ಧ ಎಚ್.ಪಿ. ಮೋಟಾರನ್ನು ಈ ಕೆಲಸಕ್ಕೆ ಹಾಕಿದರೆ ತಿಂಗಳ ಬಿಲ್ಲು ನೋಡಿ ಮೀನಿನ ಆಸೆಯೇ ಬಿಟ್ಟುಹೋದೀತು. ಇವುಗಳ ಜತೆಗೆ ನಿಮಿಷಕ್ಕೆ 40 ಲೀಟರ್ ಗಾಳಿಯೂದುವ ಏರ್ ಪಂಪು, ಗಾಳಿಕಲ್ಲುಗಳು, ಒಂದು ಫ್ಲೋಟ್ ಸ್ವಿಚ್, ನಾಲ್ಕೈದು ಮೀಟರ್ ಶೇಡ್ ನೆಟ್, 20 ಲೀಟರಿನ ಖಾಲಿ ಪೇಂಟ್ ಬಕೆಟ್.

ಮಟ್ಟ ಗುರುತಿಸುವುದು ಮತ್ತು ಗುಂಡಿ

ಟ್ಯಾಂಕ್ ಮತ್ತು ಮೊದಲ ಡ್ರಮ್ಮು ಕೊಳದೊಡನೆ ಪೈಪಿನಿಂದ ಕೂಡಿಕೊಂಡು, ಮೂರರಲ್ಲೂ ನೀರು ಒಂದೇ ಮಟ್ಟದಲ್ಲಿ ನಿಲ್ಲಬೇಕು. ಗಾರೆ ಕೆಲಸದವರು ಬಳಸುವ ಪಾರದರ್ಶಕ ಮಟ್ಟದ ಪೈಪಿನಲ್ಲಿ ನೀರು ತುಂಬಿ, ಕೊಳದ ನೀರಿನ ಮಟ್ಟವನ್ನು ಟ್ಯಾಂಕಿನ ಮೇಲೂ ಡ್ರಮ್ಮಿನ ಮೇಲೂ ಮಾರ್ಕರಿನಿಂದ ಗೆರೆ ಎಳೆದು ಗುರುತಿಸಿಕೊಳ್ಳಿ. ಕಣ್ಣಂದಾಜು ಇಲ್ಲಿ ನಡೆಯುವುದಿಲ್ಲ. ಗೆರೆಯ ಕೆಳಗೆ 75 ಸೆಂ.ಮೀ. ನೀರು, ಮೇಲೆ ಕನಿಷ್ಠ 10 ಸೆಂ.ಮೀ. ಖಾಲಿ ಜಾಗ ಇರಬೇಕು. ಅದಕ್ಕಾಗಿ ನಮ್ಮಲ್ಲಿ 35 ಸೆಂ.ಮೀ. ಆಳದ ಗುಂಡಿ ತೋಡಬೇಕಾಯಿತು. ಗುಂಡಿಯ ತಳವನ್ನು ಗಟ್ಟಿಸಿ, ಮರಳು ಹಾಸಿ, ಕೊಳಚೆ ಹೊರಹೋಗುವ ಕಡೆಗೆ ಎರಡು ಮೂರು ಸೆಂ.ಮೀ. ಇಳಿಜಾರು ಕೊಡಿ.

ಗುಂಡಿಗೂ ಒಂದು ಹೊರದಾರಿ ಬೇಕೇ ಬೇಕು. ಜೋರು ಮಳೆಯಲ್ಲಿ ಗುಂಡಿ ತುಂಬಿರುವಾಗ ತೊಳೆಯಲೆಂದು ಟ್ಯಾಂಕ್ ಖಾಲಿ ಮಾಡಿದರೆ, ಅದು ದೋಣಿಯಂತೆ ಮೇಲೆದ್ದು ಪೈಪುಗಳನ್ನು ಕಿತ್ತುಹಾಕುತ್ತದೆ. ಅರ್ಧ ಮುಳುಗಿದ ಖಾಲಿ ಟ್ಯಾಂಕನ್ನು ನೀರು ಮೇಲೆ ತಳ್ಳುವ ಬಲ ಇನ್ನೂರು ಕಿಲೋಗೂ ಮಿಗಿಲು. ನಿಂತ ನೀರಿನಲ್ಲಿ ಸೊಳ್ಳೆ ಹುಟ್ಟುವುದು ಬೇರೆ.

ತಳದ ಹೊರದಾರಿ

ಹೊಸದಾಗಿ ಕೊಳ ಕಟ್ಟುವವರು ತಳದ ನಡುವೆ, ಕಾಂಕ್ರೀಟ್ ಹಾಕುವ ಮೊದಲೇ, ಮುಚ್ಚಳವಿರುವ ತಳದ ಡ್ರೈನ್ ಕೂರಿಸಿ, ತಳವನ್ನು ನಾಲ್ಕೂ ಕಡೆಯಿಂದ ಅದರತ್ತ ಇಳಿಜಾರು ಮಾಡಬೇಕು. ಅಲ್ಲಿಂದ ಹೊರಟ 75 ಮಿ.ಮೀ. ಪೈಪು ಗೋಡೆಯಡಿಯಿಂದ ಹೊರಬಂದು, ವಾಲ್ವ್ ದಾಟಿ ಟ್ಯಾಂಕ್ ಸೇರುತ್ತದೆ. ಈಗಾಗಲೇ ನೀರು ನಿಂತಿರುವ, ಸೋರದ ಕೊಳದ ತಳವನ್ನು ಇದಕ್ಕಾಗಿ ಒಡೆಯಲು ನಾನು ಸಲಹೆ ಕೊಡಲಾರೆ. ಅಂಥ ಕೊಳದಲ್ಲಿ ಪಂಪನ್ನೇ ಆಳದ ಮೂಲೆಯಲ್ಲಿ ಇಟ್ಟು, ನೀರನ್ನು ಎತ್ತರದಲ್ಲಿಟ್ಟ ಗಸಿ ಟ್ಯಾಂಕಿಗೆ ಏರಿಸಿ, ಅಲ್ಲಿಂದ ಮೆಟ್ಟಿಲು ಮೆಟ್ಟಿಲಾಗಿ ಕೊಳಕ್ಕೆ ಇಳಿಸಬಹುದು. ಆದರೆ ಪಂಪಿನ ರೆಕ್ಕೆ ಹಿಕ್ಕೆಯನ್ನು ಅರೆದು ಹಿಟ್ಟು ಮಾಡುವುದರಿಂದ ಕೂರುವ ಗಸಿ ಕಡಿಮೆ, ತೇಲುವ ಪುಡಿ ಹೆಚ್ಚು. ಬಲೆಯ ಡ್ರಮ್ಮನ್ನು ಎರಡು ಪಟ್ಟು ಬೇಗ ತೊಳೆಯಬೇಕಾಗುತ್ತದೆ.

ಗಸಿ ಟ್ಯಾಂಕ್

ಟ್ಯಾಂಕಿನ ಬದಿಯಲ್ಲಿ, ತಳದಿಂದ 25 ಸೆಂ.ಮೀ. ಎತ್ತರದಲ್ಲಿ ಹೋಲ್‌ಸಾದಿಂದ ರಂಧ್ರ ಕೊರೆದು 75 ಮಿ.ಮೀ. ಪೈಪನ್ನು ಒಳಕ್ಕೆ ತನ್ನಿ. ಪೈಪು ಟ್ಯಾಂಕಿನ ನಡುವಿಗೆ ಬಂದು, ಎಲ್ಬೋದಿಂದ ಮೇಲ್ಮುಖವಾಗಿ ತಿರುಗಿ, ನೀರಿನ ಗೆರೆಗಿಂತ 15 ಸೆಂ.ಮೀ. ಕೆಳಗೆ ಬಾಯಿ ತೆರೆದು ನಿಲ್ಲಬೇಕು. ಪೇಂಟ್ ಬಕೆಟ್ಟಿನ ತಳವನ್ನು ಗರಗಸದಿಂದ ಕತ್ತರಿಸಿ ತೆಗೆದು, ಅದನ್ನು ಈ ಬಾಯಿಯ ಸುತ್ತ ಅಂಗಿ ತೊಡಿಸಿದಂತೆ ತೂಗುಹಾಕಿ. ಅಂಚು ನೀರಿನಿಂದ 5 ಸೆಂ.ಮೀ. ಮೇಲಿರಲಿ. ಕೊಳದಿಂದ ಬಂದ ನೀರು ಬಕೆಟ್ಟಿನೊಳಗೆ ಏರಿ, ಬೇರೆ ದಾರಿಯಿಲ್ಲದೆ ಕೆಳಕ್ಕೆ ತಿರುಗಿ, ಬಕೆಟ್ಟಿನ ಅಡಿಯಿಂದ ನಾಲ್ಕೂ ಕಡೆಗೆ ಹರಡುತ್ತದೆ. ಕೆಳಮುಖವಾಗಿ ಹೊರಟ ಗಸಿ ಅದೇ ಓಘದಲ್ಲಿ ತಳ ಸೇರುತ್ತದೆ. ನೀರು ಮಾತ್ರ ನಿಧಾನವಾಗಿ ಮೇಲೇರಿ ಎದುರು ಬದಿಯ ಹೊರಪೈಪನ್ನು ಮುಟ್ಟುತ್ತದೆ. ನೀರನ್ನು ಗಿರ್ರನೆ ಸುತ್ತಿಸುವ ಸುಳಿತೊಟ್ಟಿಗಳನ್ನೂ ಕೆಲವರು ಮಾಡುತ್ತಾರೆ. ನನ್ನ ಅನುಭವದಲ್ಲಿ ಈ ತಳವಿಲ್ಲದ ಬಕೆಟ್ಟಿನ ಉಪಾಯವೇ ಮೇಲು.

ಹೊರಪೈಪಿನ ರಂಧ್ರ ಗೆರೆಗಿಂತ 15 ಸೆಂ.ಮೀ. ಕೆಳಗಿರಲಿ, ಪಂಪು ಓಡುವಾಗ ಮಟ್ಟ ಸ್ವಲ್ಪ ತಗ್ಗಿದರೂ ಅದು ಮುಳುಗಿಯೇ ಇರುತ್ತದೆ. ಇಳಿಜಾರಿನ ಕಡೆ, ತಳಕ್ಕೆ ಅಂಟಿದಂತೆ 50 ಮಿ.ಮೀ. ನಿಪ್ಪಲ್ ಮತ್ತು ವಾಲ್ವ್ ಕೂರಿಸಿ. ಗಸಿ ಹೊರಹೋಗುವ ಬಾಗಿಲು ಇದೇ. ನಮ್ಮಲ್ಲಿ ಅದರ ಪೈಪು ತಗ್ಗಿನಲ್ಲಿರುವ ಬಾಳೆಯ ಬುಡಕ್ಕೆ ಹೋಗುತ್ತದೆ. ಹಿತ್ತಲು ಸಪಾಟಾಗಿದ್ದರೆ ಸಣ್ಣ ಕೆಸರು ಪಂಪಿನಿಂದ ಎತ್ತಿ ಹಾಕಬೇಕಾದೀತು.

ಒಂದು ಎಚ್ಚರಿಕೆ. ಈ ಟ್ಯಾಂಕ್ ಮತ್ತು ಡ್ರಮ್ಮುಗಳ ಪ್ಲಾಸ್ಟಿಕ್ಕಿಗೆ ಪಿವಿಸಿ ಸಾಲ್ವೆಂಟ್, ಎಂ-ಸೀಲ್, ಸಿಲಿಕಾನ್ ಯಾವುದೂ ಹಿಡಿಯುವುದಿಲ್ಲ. ಹಚ್ಚಿದ ದಿನ ಹಿಡಿದಂತೆ ಕಂಡು, ವಾರದಲ್ಲಿ ಸಿಪ್ಪೆಯಂತೆ ಎದ್ದುಬರುತ್ತದೆ. ಸೋರದಂತೆ ತಡೆಯುವುದು ರಬ್ಬರ್ ವಾಷರ್ ಒಂದೇ. ರಂಧ್ರದ ಅಂಚಿನ ಸಿಬಿರುಗಳನ್ನು ಬ್ಲೇಡಿನಿಂದ ಹೆರೆದು ನುಣುಪು ಮಾಡಿ, ವಾಷರನ್ನು ನೀರಿರುವ ಒಳಬದಿಗೆ ಹಾಕಿ, ನಿಪ್ಪಲ್ಲನ್ನು ಕೈಯಿಂದ ಬಿಗಿದು ಬಳಿಕ ಕಾಲು ಸುತ್ತು ಮಾತ್ರ ಸ್ಪ್ಯಾನರಿನಿಂದ ತಿರುಗಿಸಿ. ಅತಿಯಾಗಿ ಬಿಗಿದರೆ ವಾಷರ್ ಹೊರಕ್ಕೆ ಜಾರುತ್ತದೆ.

ಬಲೆಯ ಡ್ರಮ್ಮು ಮತ್ತು ಪಂಪು

ಟ್ಯಾಂಕಿನಲ್ಲಿ ಕೂರದ ನಯವಾದ ಪುಡಿಯನ್ನು ಹಿಡಿಯುವುದು ಮೊದಲ ಡ್ರಮ್ಮಿನ ಕೆಲಸ. ಟ್ಯಾಂಕಿನಿಂದ ಬಂದ ಪೈಪನ್ನು ಡ್ರಮ್ಮಿನೊಳಗೆ ಕೆಳಮುಖವಾಗಿ ತಿರುಗಿಸಿ ತಳದವರೆಗೆ ಇಳಿಸಿ. ತಳದಿಂದ 15 ಸೆಂ.ಮೀ. ಮೇಲೆ, ಪಿವಿಸಿ ತುಂಡುಗಳ ಕಾಲಿನ ಮೇಲೆ ಪ್ಲಾಸ್ಟಿಕ್ ಜಾಲರಿಯೊಂದನ್ನು ಕೂರಿಸಿ, ಅದರ ಮೇಲೆ ಶೇಡ್ ನೆಟ್ಟನ್ನು ಚಾಪೆಯಂತೆ ಸಡಿಲವಾಗಿ ಸುತ್ತಿದ ಸುರುಳಿಗಳನ್ನು 30 ಸೆಂ.ಮೀ. ಎತ್ತರಕ್ಕೆ ನಿಲ್ಲಿಸಿ. ತೆಂಗಿನ ನಾರು, ಕೂಲರಿನ ಹುಲ್ಲಿನ ಪ್ಯಾಡು ಅಗ್ಗಕ್ಕೆ ಸಿಗುತ್ತವೆ ಎಂದು ಬಳಸಬೇಡಿ. ನೀರನ್ನು ಚಹಾದ ಬಣ್ಣಕ್ಕೆ ತಿರುಗಿಸಿ, ಕೆಲವು ತಿಂಗಳಲ್ಲಿ ತಾವೇ ಕೊಳೆತು ಗಸಿಯಾಗುತ್ತವೆ. ಇಲ್ಲಿಯೂ ತಳದಲ್ಲಿ ಒಂದು 50 ಮಿ.ಮೀ. ಹೊರದಾರಿ ಇರಲಿ.

ಸುರುಳಿಗಳ ಮೇಲೆ ಇನ್ನೊಂದು ಜಾಲರಿ, ಅದರ ಮೇಲೆ ಉಳಿದ 30 ಸೆಂ.ಮೀ. ತಿಳಿನೀರಿನಲ್ಲಿ ಪಂಪು. ಪಂಪು ನೀರೆಳೆದಂತೆ ಈ ಡ್ರಮ್ಮಿನ ಮಟ್ಟ ಐದಾರು ಸೆಂ.ಮೀ. ತಗ್ಗುತ್ತದೆ, ಆ ತಗ್ಗಿಗೆ ಕೊಳದ ನೀರು ತಾನಾಗಿ ಹರಿದು ಬರುತ್ತದೆ. ಮಟ್ಟ ದಿನದಿಂದ ದಿನಕ್ಕೆ ಹೆಚ್ಚು ತಗ್ಗುತ್ತಿದ್ದರೆ ಬಲೆ ಕಟ್ಟಿಕೊಂಡಿದೆ ಎಂದರ್ಥ. ಡ್ರಮ್ಮಿನ ಒಳಗೋಡೆಯ ಮೇಲೆ ಎಳೆದ ಎರಡು ಗೆರೆಗಳು ಯಾವ ಮಾಪಕಕ್ಕೂ ಕಡಿಮೆಯಿಲ್ಲ. ಮಟ್ಟ 15 ಸೆಂ.ಮೀ. ಇಳಿದೊಡನೆ ಪಂಪು ನಿಲ್ಲುವಂತೆ ಫ್ಲೋಟ್ ಸ್ವಿಚ್ಚನ್ನು ಕಟ್ಟಿ. ರಾತ್ರಿ ಎಲ್ಲಿಯಾದರೂ ಪೈಪು ಕಳಚಿ ನೀರು ಹೊರಗೆ ಹರಿದರೂ ಕೊಳ ಬರಿದಾಗದೆ, ಕೊಳದ ಮಟ್ಟ ಸುಮಾರು 10 ಸೆಂ.ಮೀ. ಇಳಿಯುವಷ್ಟರಲ್ಲಿ, ಅಂದರೆ 600 ಲೀಟರ್ ಹೋಗುವಷ್ಟರಲ್ಲಿ ಎಲ್ಲವೂ ನಿಲ್ಲುತ್ತದೆ.

ಬ್ಯಾಕ್ಟೀರಿಯಾಗಳ ಡ್ರಮ್ಮು

ಎರಡನೆಯ ಡ್ರಮ್ಮನ್ನು ಕೊಳದ ಪಕ್ಕದಲ್ಲಿ, ನೆಲದ ಮೇಲೆ ಒಂದು ವರಸೆ ಸೈಜುಗಲ್ಲು ಜೋಡಿಸಿ ಅದರ ಮೇಲೆ ಕೂರಿಸಿ. ತುಂಬಿದಾಗ ಇನ್ನೂರು ಕಿಲೋಗೂ ಹೆಚ್ಚು ತೂಗುವುದರಿಂದ ತಳಪಾಯ ಅಲ್ಲಾಡಬಾರದು. ಪಂಪಿನ 40 ಮಿ.ಮೀ. ಪೈಪು ಡ್ರಮ್ಮಿನ ಅಂಚಿನ ಮೇಲಿನಿಂದ ಬಂದು ಒಳಗೆ ತಳದವರೆಗೆ ಇಳಿಯಲಿ. ಹೀಗೆ ಇಳಿಯುವ ಪೈಪಿನಲ್ಲಿ, ನೀರಿನ ಮಟ್ಟಕ್ಕಿಂತ ಸ್ವಲ್ಪ ಮೇಲೆ, 5 ಮಿ.ಮೀ. ರಂಧ್ರವೊಂದನ್ನು ಕೊರೆಯಲು ಮರೆಯಬೇಡಿ. ಕರೆಂಟ್ ಹೋದಾಗ ಡ್ರಮ್ಮಿನ ನೀರು ಪಂಪಿನ ಮೂಲಕ ಹಿಂದಕ್ಕೆ ಹೀರಿಕೊಂಡು ಹೋಗದಂತೆ ತಡೆಯುವುದು ಈ ರಂಧ್ರವೇ. ಗಾಳಿ ಒಳಹೊಕ್ಕು ಸೈಫನ್ ಮುರಿಯುತ್ತದೆ.

ಹೊರದಾರಿ ತಳದಿಂದ 75 ಸೆಂ.ಮೀ. ಎತ್ತರದಲ್ಲಿ 75 ಮಿ.ಮೀ. ಪೈಪು. ಅದರ ಒಳಬದಿಗೆ, ಚಕ್ರಗಳು ಹೊರಹೋಗದಂತೆ, ಗರಗಸದಿಂದ ಸೀಳುಗಳನ್ನು ಕೊರೆದ ಮೊಳದುದ್ದದ ಪೈಪನ್ನು ಸಿಕ್ಕಿಸಿ ತುದಿ ಮುಚ್ಚಬೇಕು. ಸೀಳುಗಳ ಒಟ್ಟು ವಿಸ್ತಾರ ಪೈಪಿನ ಬಾಯಿಗಿಂತ ನಾಲ್ಕೈದು ಪಟ್ಟು ಇದ್ದರೆ ಕಟ್ಟಿಕೊಳ್ಳುವ ಭಯವಿಲ್ಲ. ಇನ್ನು 80 ಲೀಟರ್ ಚಕ್ರಗಳನ್ನು ಸುರಿದು, ತಳದಲ್ಲಿ ಗಾಳಿಕಲ್ಲುಗಳನ್ನಿಟ್ಟು ಏರ್ ಪಂಪು ಚಾಲೂ ಮಾಡಿ. ಹೊಸ ಚಕ್ರಗಳು ಮೊದಲ ಹದಿನೈದು ದಿನ ಹಟ ಹಿಡಿದಂತೆ ಮೇಲೆಯೇ ತೇಲುತ್ತವೆ. ಮೈಮೇಲೆ ಬ್ಯಾಕ್ಟೀರಿಯಾಗಳ ತೆಳುಪದರ ಬೆಳೆದ ಮೇಲೆ ನೀರಿನಲ್ಲಿ ಮುಳುಗಿ, ಕುದಿಯುವ ಅನ್ನದ ಅಗುಳಿನಂತೆ ಮೇಲೆ ಕೆಳಗೆ ಹೊರಳಾಡತೊಡಗುತ್ತವೆ. ಆ ಹೊರಳಾಟದಲ್ಲಿ ಹಳೆಯ ಪದರ ತಾನೇ ಉದುರಿ, ತೊಳೆಯುವ ಅಗತ್ಯವೇ ಬರುವುದಿಲ್ಲ.

ಇಲ್ಲಿಂದ ಹೊರಬಿದ್ದ ನೀರು ಅರ್ಧ ಮೀಟರಿನಷ್ಟು ಎತ್ತರದಿಂದ ಕೊಳಕ್ಕೆ ಬೀಳುವಾಗ ಆಮ್ಲಜನಕವನ್ನೂ ಸೇರಿಸಿಕೊಳ್ಳುತ್ತದೆ. ಬೇಸಿಗೆಯಲ್ಲಿ ಇದರ ಬೆಲೆ ತಿಳಿಯುತ್ತದೆ: ಸಮುದ್ರಮಟ್ಟದಲ್ಲಿ 20 ಡಿಗ್ರಿ ಸೆಲ್ಸಿಯಸ್ಸಿನ ನೀರು ಲೀಟರಿಗೆ ಸುಮಾರು 9 ಮಿಲಿಗ್ರಾಂ ಆಮ್ಲಜನಕ ಹಿಡಿದಿಟ್ಟುಕೊಂಡರೆ, 30 ಡಿಗ್ರಿಯಲ್ಲಿ ಏಳೂವರೆ ಮಾತ್ರ, ಮೀನಿನ ಹಸಿವಾದರೋ ಅದೇ ಹೊತ್ತಿಗೆ ಹೆಚ್ಚುತ್ತದೆ.

ವಿದ್ಯುತ್ ಮತ್ತು ಮೊದಲ ಓಟ

ನೀರಿಗೂ ವಿದ್ಯುತ್ತಿಗೂ ಒಂದೇ ಕಡೆ ಕೆಲಸವಿರುವುದರಿಂದ ಇಲ್ಲಿ ಉಳಿತಾಯದ ಮಾತು ಬೇಡ. ವಿದ್ಯುತ್ ಸೋರಿದೊಡನೆ ಲೈನ್ ಕಡಿಯುವ 30 ಮಿಲಿ ಆಂಪಿಯರಿನ ಆರ್‌ಸಿಸಿಬಿ, ಸರಿಯಾದ ಅರ್ಥಿಂಗ್, ಮಳೆ ತಾಗದ ಪೆಟ್ಟಿಗೆ, ಈ ಮೂರನ್ನೂ ಪರವಾನಗಿ ಇರುವ ಎಲೆಕ್ಟ್ರಿಷಿಯನ್ ಕೈಯಿಂದಲೇ ಮಾಡಿಸಿ. ನೀರಿಗೆ ಕೈ ಹಾಕುವ ಮುನ್ನ ಸ್ವಿಚ್ ಆರಿಸುವುದು ಅಭ್ಯಾಸವಾಗಬೇಕು. ಏರ್ ಪಂಪನ್ನು ನೀರಿನ ಮಟ್ಟಕ್ಕಿಂತ ಮೇಲೆ ತೂಗುಹಾಕಿ, ಮನೆಯ ಯುಪಿಎಸ್ ಲೈನಿಗೆ ಕೊಡಿ. ಕರೆಂಟ್ ಹೋದಾಗ ಉಸಿರು ಕಟ್ಟುವುದು ಮೀನಿಗಿಂತ ಮೊದಲು ಡ್ರಮ್ಮಿನೊಳಗಿನ ಬ್ಯಾಕ್ಟೀರಿಯಾಗಳಿಗೆ. ಗಾಳಿಯೂ ಇಲ್ಲದೆ ಹಲವು ಗಂಟೆ ನಿಂತ ಡ್ರಮ್ಮನ್ನು ಹಾಗೆಯೇ ಮತ್ತೆ ಓಡಿಸದೆ, ಒಳಗಿನ ಹಳಸಿದ ನೀರನ್ನು ಗಿಡಕ್ಕೆ ಸುರಿದು ಆಮೇಲೆ ಪಂಪು ಹಾಕಿ.

ಮೀನಿಲ್ಲದೆ ಎರಡು ದಿನ ಓಡಿಸಿ, ಪ್ರತಿ ಜೋಡಣೆಯ ಕೆಳಗೆ ಹಳೆಯ ಪತ್ರಿಕೆ ಹಾಸಿ ಸೋರಿಕೆ ನೋಡಿ. ಹರಿವು ಅಳೆಯಲು 20 ಲೀಟರಿನ ಬಕೆಟ್ಟನ್ನು ಕೊಳಕ್ಕೆ ಬೀಳುವ ನೀರಿಗೆ ಹಿಡಿದು ಮೊಬೈಲಿನಲ್ಲಿ ಸಮಯ ನೋಡಿ: ಹದಿನಾಲ್ಕು ಹದಿನೈದು ಸೆಕೆಂಡಿನಲ್ಲಿ ತುಂಬಿದರೆ ಗಂಟೆಗೆ 5,000 ಲೀಟರ್ ಬರುತ್ತಿದೆ.

ಪಕ್ವವಾಗುವ ಕಾಲ

ಕಟ್ಟಿದ ಮಾತ್ರಕ್ಕೆ ಶೋಧಕ ಕೆಲಸ ಮಾಡುವುದಿಲ್ಲ. ನಮ್ಮ ಹವೆಯಲ್ಲಿ ಬ್ಯಾಕ್ಟೀರಿಯಾಗಳು ನೆಲೆಯೂರಲು ನಾಲ್ಕರಿಂದ ಆರು ವಾರ ಬೇಕು. ಮೀನು ಬಿಡುವ ಮೊದಲೇ ಇದನ್ನು ಮುಗಿಸುವುದು ಉತ್ತಮ. ಪಾತ್ರೆಗೆ ಕಲಾಯಿ ಹಾಕುವವರು ಬಳಸುವ ನವಸಾಗರ, ಅಂದರೆ ಅಮೋನಿಯಂ ಕ್ಲೋರೈಡ್, ಇದಕ್ಕೆ ಆಗುತ್ತದೆ. ಕಲಬೆರಕೆ ಇಲ್ಲದ್ದನ್ನು ಪ್ರಯೋಗಾಲಯದ ರಾಸಾಯನಿಕ ಮಾರುವವರಲ್ಲಿ ಕೊಳ್ಳಿ. 7,200 ಲೀಟರಿಗೆ 55 ಗ್ರಾಂ ಕರಗಿಸಿದರೆ ಅಮೋನಿಯ ಸುಮಾರು 2 ಮಿಲಿಗ್ರಾಮಿಗೆ ಏರುತ್ತದೆ. ಎರಡು ದಿನಕ್ಕೊಮ್ಮೆ ಪರೀಕ್ಷಿಸಿ ಬರೆದಿಡಿ. ಮೊದಲು ಅಮೋನಿಯ ಇಳಿಯುತ್ತದೆ, ನೈಟ್ರೈಟ್ ಏರುತ್ತದೆ. ಕೆಲವು ದಿನಗಳ ಬಳಿಕ ನೈಟ್ರೈಟೂ ಇಳಿಯುತ್ತದೆ. ಹಾಕಿದ ನವಸಾಗರದ ಅಮೋನಿಯ ಒಂದು ಹಗಲು ಒಂದು ರಾತ್ರಿಯಲ್ಲಿ ಪೂರ್ತಿ ಅರಗಿ, ಎರಡೂ ಸೊನ್ನೆ ತೋರಿಸಿದ ದಿನ ಶೋಧಕ ಸಿದ್ಧ. ಅರ್ಧದಷ್ಟು ನೀರು ಬದಲಿಸಿ, ಮೊದಲು ಎರಡು ಮೀನು ಬಿಡಿ.

ಮೀನು ಈಗಾಗಲೇ ಕೊಳದಲ್ಲಿದ್ದರೆ ನವಸಾಗರದ ಮಾತೇ ಇಲ್ಲ. ಆಹಾರವನ್ನು ಕಾಲು ಭಾಗಕ್ಕೆ ಇಳಿಸಿ, ದಿನವೂ ಪರೀಕ್ಷಿಸಿ, ಏರಿದಾಗಲೆಲ್ಲ ನೀರು ಬದಲಿಸಬೇಕು. ನೈಟ್ರೈಟ್ ಏರಿದಾಗ ಸಾವಿರ ಲೀಟರಿಗೆ ಒಂದು ಕಿಲೋ ಕಲ್ಲುಪ್ಪು ಕರಗಿಸಿ ಹಾಕಿದರೆ ಉಪ್ಪಿನ ಕ್ಲೋರೈಡ್ ಕಿವಿರಿನಲ್ಲಿ ನೈಟ್ರೈಟಿಗೆ ಅಡ್ಡ ನಿಲ್ಲುತ್ತದೆ.

ಅಮೋನಿಯದ ಅಂಕಿಯನ್ನು ಪಿಎಚ್, ಅಂದರೆ ನೀರು ಎಷ್ಟು ಆಮ್ಲೀಯ ಅಥವಾ ಕ್ಷಾರೀಯ ಎಂಬುದರ ಅಳತೆಯ ಜತೆಗಿಟ್ಟೇ ಓದಬೇಕು. 25 ಡಿಗ್ರಿಯಲ್ಲಿ, ಪಿಎಚ್ 7 ಇದ್ದಾಗ ಒಟ್ಟು ಅಮೋನಿಯದಲ್ಲಿ ವಿಷಕಾರಿ ರೂಪದ ಪಾಲು ಶೇ. 1ಕ್ಕಿಂತ ಕಡಿಮೆ, ಪಿಎಚ್ 8ರಲ್ಲಿ ಶೇ. 5, ಪಿಎಚ್ 9ರಲ್ಲಿ ಶೇ. 36. ಪಾಚಿ ಹೆಚ್ಚಿದ ಕೊಳದಲ್ಲಿ ಬಿಸಿಲು ಏರಿದಂತೆ ಪಿಎಚ್ ಏರುತ್ತದೆ. ಬೆಳಿಗ್ಗೆ ನೆಮ್ಮದಿಯಾಗಿದ್ದ ಮೀನು ಸಂಜೆ ನಾಲ್ಕಕ್ಕೆ ಒದ್ದಾಡುವುದು ಇದರಿಂದಲೇ, ಹಾಗಾಗಿ ಸಂಜೆಯೂ ಪರೀಕ್ಷಿಸಿ. ಹಸಿರು ನೀರಿಗೆ ಯುವಿ ದೀಪ ಒಳ್ಳೆಯ ಮದ್ದು, ಬೇಕಿದ್ದರೆ ಪಂಪಿನ ಪೈಪಿಗೆ ಸೇರಿಸಬಹುದು. ಅಮೋನಿಯಕ್ಕೂ ಅದಕ್ಕೂ ಸಂಬಂಧವಿಲ್ಲ.

ದಿನನಿತ್ಯದ ಆರೈಕೆ

ವಾರಕ್ಕೆ ಎರಡು ಬಾರಿ, ಪಂಪು ನಿಲ್ಲಿಸಿ, ಕೊಳದ ವಾಲ್ವ್ ಮುಚ್ಚಿ, ಹತ್ತು ನಿಮಿಷ ಬಿಟ್ಟು ಗಸಿ ಟ್ಯಾಂಕಿನ ಬಾಗಿಲು ತೆರೆಯಿರಿ. ಮೊದಲು ಕಾಫಿ ಗಷ್ಟಿನಂಥ ಕಪ್ಪು ನೀರು ನುಗ್ಗಿ ಬರುತ್ತದೆ, ತಿಳಿಯಾದೊಡನೆ ಮುಚ್ಚಿ. ಬಾಳೆ, ದಾಸವಾಳ, ತೆಂಗು ಯಾವುದಕ್ಕಾದರೂ ಇದು ಒಳ್ಳೆಯ ಗೊಬ್ಬರ. ಉಪ್ಪು ಹಾಕಿದ ವಾರಗಳಲ್ಲಿ ಮಾತ್ರ ಗಿಡಕ್ಕೆ ಬಿಡಬೇಡಿ. ಬಲೆಯ ಸುರುಳಿಗಳನ್ನು ತಿಂಗಳಿಗೊಮ್ಮೆ, ಅರ್ಧದಷ್ಟನ್ನು ಮಾತ್ರ, ಕೊಳದ ನೀರು ತುಂಬಿದ ಬಕೆಟ್ಟಿನಲ್ಲಿ ಅದ್ದಿ ಜಾಡಿಸಿ. ಚಕ್ರಗಳ ಡ್ರಮ್ಮಿಗೆ ಕೈ ಹಾಕುವ ಕೆಲಸವಿಲ್ಲ.

ವಾರಕ್ಕೆ ಶೇ. 10ರಷ್ಟು, ಅಂದರೆ ಸುಮಾರು 700 ಲೀಟರ್ ನೀರು ಬದಲಿಸಬೇಕು. ಕೂಡಿಬರುವ ನೈಟ್ರೇಟಿಗೆ ಬೇರೆ ದಾರಿಯಿಲ್ಲ. ನಲ್ಲಿ ನೀರಿನ ಕ್ಲೋರಿನ್ ಮೀನಿನ ಕಿವಿರನ್ನೂ ಬ್ಯಾಕ್ಟೀರಿಯಾವನ್ನೂ ಸುಡುತ್ತದೆ, ಆದ್ದರಿಂದ ತೆರೆದ ತೊಟ್ಟಿಯಲ್ಲಿ ಎರಡು ದಿನ ಗಾಳಿಯೂದಿ ಹಳೆಯದಾಗಿಸಿಯೇ ಬಳಸಿ. ತುರ್ತಿಗೆ ಕ್ಲೋರಿನ್ ಕಳೆಯುವ ಹೈಪೋ ಹರಳು, ಅಂದರೆ ಸೋಡಿಯಂ ಥಯೋಸಲ್ಫೇಟ್, ಇದೆ: ಲೀಟರಿಗೆ 1 ಮಿಲಿಗ್ರಾಂ ಕ್ಲೋರಿನ್ ಇರುವ ಸಾವಿರ ಲೀಟರ್ ನೀರಿಗೆ 7 ಗ್ರಾಂ. ಬೋರ್‌ವೆಲ್ ನೀರಿನಲ್ಲಿ ಕ್ಲೋರಿನ್ ಇರದಿದ್ದರೂ ಆಮ್ಲಜನಕ ತೀರಾ ಕಡಿಮೆ ಇರಬಹುದು, ಅದನ್ನೂ ಎತ್ತರದಿಂದ ಸುರಿದೇ ತುಂಬಿ.

ಮಳೆನೀರಿನಿಂದ ಕೊಳ ತುಂಬಿಸುವವರು ಕ್ಷಾರತೆಯ ಮೇಲೆ, ಅಂದರೆ ಪಿಎಚ್ ಕುಸಿಯದಂತೆ ನೀರನ್ನು ಹಿಡಿದಿಡುವ ಶಕ್ತಿಯ ಮೇಲೆ ಕಣ್ಣಿಡಬೇಕು. ಒಂದು ಗ್ರಾಂ ಅಮೋನಿಯ ಅರಗಿಸಲು ಬ್ಯಾಕ್ಟೀರಿಯಾಗಳು ಸುಮಾರು 7 ಗ್ರಾಂ ಕ್ಷಾರತೆಯನ್ನು ಬಳಸುತ್ತವೆ. ನಮ್ಮ ಲೆಕ್ಕದಲ್ಲಿ ದಿನಕ್ಕೆ ಲೀಟರಿಗೆ 2 ಮಿಲಿಗ್ರಾಂ. ಮಳೆನೀರಿನಲ್ಲಿ ಕ್ಷಾರತೆ ಇಲ್ಲವೆಂಬಷ್ಟು ಕಡಿಮೆ. ಅದು ಮುಗಿದ ದಿನ ಪಿಎಚ್ ಒಮ್ಮೆಲೇ ಕುಸಿದು, ಬ್ಯಾಕ್ಟೀರಿಯಾಗಳು ಕೈಚೆಲ್ಲುತ್ತವೆ. ಆಷಾಢದ ಮಳೆ ವಾರಗಟ್ಟಲೆ ಹಿಡಿದಾಗ ಕ್ಷಾರತೆಯ ಕಿಟ್ಟಿನಿಂದ ಪರೀಕ್ಷಿಸಿ, 80 ಮಿಲಿಗ್ರಾಮಿಗಿಂತ ಇಳಿದಿದ್ದರೆ 250 ಗ್ರಾಂ ಅಡುಗೆ ಸೋಡವನ್ನು ಬಕೆಟ್ ನೀರಿನಲ್ಲಿ ಕರಗಿಸಿ, ನೀರು ಬೀಳುವ ಜಾಗದಲ್ಲಿ ನಿಧಾನವಾಗಿ ಸುರಿಯಿರಿ. ಈ ಗಾತ್ರದ ಕೊಳದಲ್ಲಿ ಅಷ್ಟರಿಂದ ಸುಮಾರು 20 ಮಿಲಿಗ್ರಾಂ ಏರುತ್ತದೆ. ಇನ್ನೂ ಬೇಕಿದ್ದರೆ ಮರುದಿನ ಮತ್ತೊಮ್ಮೆ ಹಾಕಿ, ಒಂದೇ ದಿನ ಸುರಿಯಬೇಡಿ.